ಪಾಂತಿಗಾನ್ ಎಲ್ಲಿದೆ?

ಬ್ಯಾನರ್ ಮೇಲೇರಿದ್ದು ಬೆಳಿಗ್ಗೆ. ಫಲಿತಾಂಶ ಬಂದದ್ದು ಮಧ್ಯಾಹ್ನದ ಮೇಲೆ.

ಬೆಳಗಿನ ಬನ್ನು ತರಲು ಹೊರಟಿದ್ದ ನಾನು ಓಣಿಯ ತಿರುವಿನಲ್ಲಿ ತಲೆಯೆತ್ತಿ ನೋಡಿ ಅಲ್ಲೇ ನಿಂತೆ. ಎರಡು ವಿದ್ಯುತ್ ಕಂಬಗಳ ನಡುವೆ ನಮ್ಮ ಆರ್ಸೆಲಿಯ ಮುಖ ಗಾಳಿಗೆ ಉಬ್ಬುತ್ತಾ ಕುಗ್ಗುತ್ತಾ ಇತ್ತು. ಶಾಲೆಯ ಗುರುತಿನ ಚೀಟಿಯ ಫೋಟೊ ಅದು. ಒಂದು ಕಣ್ಣು ಅರೆ ಮುಚ್ಚಿತ್ತು. ಪಕ್ಕದಲ್ಲಿ ಅದರ ಎರಡು ಪಟ್ಟು ದೊಡ್ಡದಾಗಿ ಕೌನ್ಸಿಲರ್ ನೊನೊಯ್ ಹೆಬ್ಬೆರಳೆತ್ತಿ ನಗುತ್ತಿದ್ದ. ದೇಶದ ಅತಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಆಯ್ಕೆಯಾದ ನಮ್ಮ ಓಣಿಯ ಹೆಮ್ಮೆಯ ಮಗಳಿಗೆ ಅಭಿನಂದನೆ ಎಂದು ಕೆಂಪಕ್ಷರದಲ್ಲಿ ಬರೆದಿತ್ತು.

ನೊನೊಯ್ ಏಣಿಯ ಕೆಳಗೆ ನಿಂತು ಹಗ್ಗ ಬಿಗಿಸುತ್ತಿದ್ದ.

"ಇನ್ನೂ ರಿಸಲ್ಟೇ ಬಂದಿಲ್ವಲ್ಲ, ಕೌನ್ಸಿಲರೇ?" ಎಂದೆ.

"ಬಂದೇ ಬರುತ್ತೆ ಬಿಡಿ, ಆಲಿಂಗ್ ಚೋಲೆಂಗ್," ಎಂದ, ಹಿರಿಯಳೆಂದು ನನ್ನ ಹೆಸರಿಗೆ ಆಲಿಂಗ್ ಸೇರಿಸಿ. "ಅವಳು ಪಾಸಾಗದೆ ಇನ್ಯಾರು ಪಾಸಾಗ್ತಾರೆ? ಪಕ್ಕದ ವಾರ್ಡಿನೋರು ಹಾಕೋಕ್ಮುಂಚೆ ನಮ್ದು ಮೇಲಿರಬೇಕು."

ವರ್ಷದ ಕೊನೆಗೆ ಚುನಾವಣೆಯಿತ್ತು. ವಾರ್ಡಿನ ಮುಖ್ಯಸ್ಥನ ಕುರ್ಚಿಯ ಮೇಲೆ ಅವನ ಕಣ್ಣಿತ್ತು. ಆದರೂ ಅವನ ಮಾತಿನಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಮನಿಲಾಕ್ಕೆ ಅಂಟಿಕೊಂಡ ಮರೀಕಿನಾದ ನಮ್ಮ ಓಣಿಯಲ್ಲಿ ಶೂ ಹೊಲಿಯುವವರು, ಶೂ ಮಾರುವವರು, ಹಡಗಿಗೆ ಹೋದವರು, ಸೌದಿಗೆ ಹೋದವರು ಎಲ್ಲ ಇದ್ದಾರೆ. ಆರ್ಸೆಲಿಯ ಹಾಗೆ ಪುಸ್ತಕ ಹಿಡಿದು ಕೂತವರು ಯಾರೂ ಇರಲಿಲ್ಲ. ನಾನು ಅವಳ ನಿನಾಂಗ್. ಅವಳ ಜ್ಞಾನಸ್ನಾನದ ದಿನ ಚರ್ಚಿನಲ್ಲಿ ಅವಳನ್ನು ಎತ್ತಿಕೊಂಡು ನಿಂತವಳು. ನನಗೆ ಮದುವೆಯಿಲ್ಲ, ಮಕ್ಕಳಿಲ್ಲ. ಇದ್ದ ಹೆಮ್ಮೆಯನ್ನೆಲ್ಲ ಅವಳ ಮೇಲೇ ಸುರಿದಿದ್ದೆ.

ಮಧ್ಯಾಹ್ನ ಅವಳ ಮನೆಯಲ್ಲಿ ನಾವು ಮೂವರೇ ಇದ್ದೆವು. ಅವಳು, ಅವಳ ತಾಯಿ ಪೆರ್ಲಿತಾ, ನಾನು. ತಂದೆ ರೊದಾಂತೆ ಸರಕು ಹಡಗಿನ ಇಂಜಿನ್ ಕೋಣೆಯಲ್ಲಿ, ಯಾವುದೋ ಸಾಗರದ ನಡುವೆ. ಆರ್ಸೆಲಿ ಫೋನನ್ನು ಎಷ್ಟು ಸಲ ಒತ್ತಿದರೂ ಪುಟ ತೆರೆಯಲಿಲ್ಲ. ಆಮೇಲೆ ಒಮ್ಮೆಲೇ ತೆರೆಯಿತು. ಅವಳು ಓದಿದಳು. ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು.

"ಅಮ್ಮ, ಆಗಿಲ್ಲ."

"ಸರಿಯಾಗಿ ನೋಡೇ."

"ನೋಡ್ದೆ ಅಮ್ಮ."

"ಇನ್ನೊಂದ್ಸಲ ನೋಡು ಅಂದ್ನಲ್ಲ! ನಂಬರ್ ತಪ್ಪಾಗಿರುತ್ತೆ."

ನಂಬರ್ ತಪ್ಪಾಗಿರಲಿಲ್ಲ. ಅಷ್ಟರಲ್ಲಿ ಗೇಟಿನ ಹತ್ತಿರ ಜನ ಸೇರಿದ್ದರು. ಯಾರೋ ಕೂಗಿದರು, "ಪೆರ್ಲಿತಾ! ಏನಾಯ್ತೇ?" ಪೆರ್ಲಿತಾ ಎದ್ದು ಬಾಗಿಲಿಗೆ ಹೋದಳು. ಅವಳ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಎರಡು ಕೈಯಲ್ಲೂ ಬಾಗಿಲ ಚೌಕಟ್ಟು ಹಿಡಿದುಕೊಂಡು ಅವಳು ಹೇಳಿದಳು, "ದೇವರು ದೊಡ್ಡೋನು."

ಅಷ್ಟೇ ಹೇಳಿದ್ದು. ಓಣಿಗೆ ಅಷ್ಟೇ ಸಾಕಾಯಿತು. ಚಪ್ಪಾಳೆ ಬಿತ್ತು. ಯಾರದೋ ಮನೆಯಿಂದ ಹಾಡುವ ಯಂತ್ರ ಬಂತು. ಸಂಜೆಯ ಹೊತ್ತಿಗೆ ಪೆರ್ಲಿತಾ ದೊಡ್ಡ ಬಾಣಲೆ ಇಟ್ಟು ಓಣಿಗೆಲ್ಲ ಸಾಕಾಗುವಷ್ಟು ಪನ್ಸಿತ್ ಶಾವಿಗೆ ಹುರಿಯುತ್ತಿದ್ದಳು. ಹುರಿಯುತ್ತಾ ಅಳುತ್ತಿದ್ದಳು. ನೋಡಿದವರು ಆನಂದಬಾಷ್ಪ ಎಂದುಕೊಂಡರು.

ಅವಳು ರೊದಾಂತೆಗೂ ಅದನ್ನೇ ಹೇಳಿದಳು. ದೇವರು ದೊಡ್ಡೋನು ಅಂತ. ಅವನು ಹಡಗಿನವರಿಗೆಲ್ಲ ಕೇಕ್ ಕೊಡಿಸಿದ.

ಆಮೇಲಿನ ದಿನಗಳಲ್ಲಿ ಆರ್ಸೆಲಿ ಒಂದು ಕಡೆ ನಿಂತದ್ದನ್ನು ನಾನು ನೋಡಲಿಲ್ಲ. ನನ್ನ ಮನೆಗೆ ಬಂದು ಹೊಲಿಗೆ ಯಂತ್ರದ ಎದುರಿನ ಸ್ಟೂಲಿನಲ್ಲಿ ಕೂರುವಳು. ನಾನು ಶೂವಿನ ಚರ್ಮ ಹೊಲಿಯುತ್ತಿದ್ದರೆ ಅವಳು ಕತ್ತರಿಸಿದ ತುಂಡುಗಳನ್ನು ಗಾತ್ರದ ಪ್ರಕಾರ ಜೋಡಿಸಿ, ಮತ್ತೆ ಕಲಸಿ, ಮತ್ತೆ ಜೋಡಿಸುವಳು. ಏಳುವಳು. ಕಿಟಕಿಗೆ ಹೋಗುವಳು. ಕಿಟಕಿಯಿಂದ ಬ್ಯಾನರಿನ ಹಿಂಬದಿ ಕಾಣುತ್ತದೆ, ಅಲ್ಲಿಂದ ತಿರುಗಿ ಬರುವಳು. ಜೀಪ್ನಿ ಹತ್ತಿ ಕೊನೆಯ ನಿಲ್ದಾಣದವರೆಗೂ ಹೋಗಿ, ಇಳಿಯದೆ ಅದರಲ್ಲೇ ವಾಪಸು ಬರುವಳು. ಚಾಲಕ ಒಮ್ಮೆ ಕೇಳಿದನಂತೆ, "ಮಗಳೇ, ಏನಾದ್ರೂ ಕಳ್ಕೊಂಡಿದೀಯಾ?"

ಬ್ಯಾನರಿನ ಕೆಳಗೆ ಹಾಯದೆ ಓಣಿಯಿಂದ ಹೊರಗೆ ಹೋಗುವ ದಾರಿಯೇ ಇಲ್ಲ. ಎದುರು ಸಿಕ್ಕವರೆಲ್ಲ, "ಏನೇ ಜಾಣೆ, ಊಟ ಯಾವಾಗ ಹಾಕಿಸ್ತೀಯಾ?" ಎಂದು ಕೆನ್ನೆ ಹಿಂಡುವರು. ಅವಳು ನಗುವಳು.

ನಾನು ನೊನೊಯ್‌ನನ್ನು ಬೇರೆಯಾಗಿ ಕರೆದು ವಿಷಯ ಹೇಳಿದೆ. ಅವನು ಬೆವರೊರೆಸಿಕೊಂಡ.

"ಅಯ್ಯೋ ದೇವರೇ. ಯಾರಿಗೆಲ್ಲ ಗೊತ್ತು?"

"ನಮಗೆ. ಈಗ ನಿಮಗೆ."

"ಹಾಗಾದ್ರೆ ಇರ್ಲಿ ಬಿಡಿ, ಆಲಿಂಗ್ ಚೋಲೆಂಗ್. ಈಗ ಇಳಿಸಿದ್ರೆ ಜನ ಕೇಳ್ತಾರೆ. ಚುನಾವಣೆ ಮುಗೀಲಿ, ಬಿಸಿಲಿಗೆ ತಾನಾಗೇ ಮಾಸುತ್ತೆ."

ಆರ್ಸೆಲಿ ಎರಡೇ ಕಡೆ ಅರ್ಜಿ ಹಾಕಿದ್ದಳು. ಒಂದು ಈ ದೊಡ್ಡ ವಿಶ್ವವಿದ್ಯಾಲಯ. ಇನ್ನೊಂದು ಮನಿಲಾದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯ. ಅಲ್ಲಿ ಅವಳ ಹೆಸರು ಕಾಯುವವರ ಸಾಲಿನಲ್ಲಿ ಸಿಕ್ಕಿಕೊಂಡಿತ್ತು. ಅವಳ ಶಾಲೆಯ ಮಾರ್ಗದರ್ಶಿ ಶಿಕ್ಷಕಿ ಮ್ಯಾಮ್ ಒಫೇಲಿಯಾ ಹಿಂದಿನ ವರ್ಷವೇ, ಇನ್ನೂ ನಾಲ್ಕಾರು ಕಡೆ ಹಾಕು ಎಂದು ಹೇಳಿದ್ದರು. ಪೆರ್ಲಿತಾ ಬಿಡಲಿಲ್ಲ. ಸಣ್ಣ ಕಾಲೇಜಿಗೆ ಅರ್ಜಿ ಹಾಕಿದರೆ ದೊಡ್ಡದು ಕೈ ತಪ್ಪುತ್ತದೆ, ಅದು ಸೋಲನ್ನು ಮನೆಗೆ ಕರೆದ ಹಾಗೆ ಎನ್ನುವುದು ಅವಳ ನಂಬಿಕೆ.

ಕೊನೆಗೆ ನಾನೇ ಆರ್ಸೆಲಿಯನ್ನು ಎಳೆದುಕೊಂಡು ಮ್ಯಾಮ್ ಒಫೇಲಿಯಾ ಅವರ ಬಳಿ ಹೋದೆ. ಆ ಹೆಂಗಸು ನಮ್ಮನ್ನು ನೋಡಿದ ಕೂಡಲೇ ಎಲ್ಲ ಅರ್ಥ ಮಾಡಿಕೊಂಡರು. ಬೈಯಲಿಲ್ಲ.

"ಕೂತ್ಕೋ. ಕುರ್ಚಿ ಅಲ್ಲಾಡಿಸ್ಬೇಡ. ನಮ್ಮ ಶಾಲೆಯ ಮಕ್ಕಳೆಲ್ಲ ಅದೇ ನಾಲ್ಕು ಬಾಗಿಲು ತಟ್ಟೋದು, ಆರ್ಸೆಲಿ. ನಾನು ಪ್ರತಿ ವರ್ಷ ಬೇರೆ ಬಾಗಿಲುಗಳ ಹೆಸರು ಗೋಡೆಗೆ ಅಂಟಿಸ್ತೀನಿ. ಅದರ ಮೇಲೆ ನೃತ್ಯ ಸ್ಪರ್ಧೆ ನೋಟೀಸು ಅಂಟಿಸ್ತಾರೆ."

ಇನ್ನೂ ಪ್ರವೇಶ ಪರೀಕ್ಷೆ ಮುಗಿಯದ ಸರ್ಕಾರಿ ಕಾಲೇಜುಗಳು ಮೂರಿದ್ದವು. ದಕ್ಷಿಣದಲ್ಲಿ ಒಂದು ಮೀನುಗಾರಿಕೆ ಕಾಲೇಜು, ಬಯಲಿನಲ್ಲೊಂದು ಕೃಷಿ ಕಾಲೇಜು, ಬೆಟ್ಟದ ಮೇಲೆ ಪಾಂತಿಗಾನ್ ಅರಣ್ಯ ಕಾಲೇಜು.

"ಯಾವುದರ ಪರೀಕ್ಷೆ ಬೇಗ?" ಎಂದಳು ಆರ್ಸೆಲಿ.

"ಪಾಂತಿಗಾನ್. ಈ ಶನಿವಾರ."

"ಹಾಗಾದ್ರೆ ಅದೇ."

"ಅರಣ್ಯ ಅಂದ್ರೆ ಏನು ಓದ್ತಾರೆ ಅಂತ ಕೇಳಲ್ವಾ?"

"ಶನಿವಾರ ನಾನು ಈ ಓಣೀಲಿ ಇರಲ್ಲ ತಾನೇ ಮ್ಯಾಮ್? ಅಷ್ಟು ಸಾಕು."

ಪೆರ್ಲಿತಾಗೆ, ಚರ್ಚಿನ ಯಾತ್ರೆಗೆ ಹೋಗುತ್ತೇವೆ ಎಂದು ಹೇಳಿ ಹೊರಟೆವು. ಕುಬಾವ್‌ನಲ್ಲಿ ಬಸ್ಸು ಹತ್ತಿದಾಗಿನಿಂದ ಬೆಟ್ಟದ ತಿರುವುಗಳು ಶುರುವಾಗುವವರೆಗೂ ಅವಳು ಕಾಲು ಕುಣಿಸುತ್ತಲೇ ಇದ್ದಳು. ಬಸ್ಸಿಳಿದು ಜೀಪು, ಜೀಪಿಳಿದು ಒಂದು ಏರು. ಏರಿನ ತುದಿಯಲ್ಲಿ ಕಾಲೇಜು. ತಗಡಿನ ಮಾಡಿನ ಉದ್ದನೆಯ ಎರಡು ಕಟ್ಟಡ, ಸಸಿಗಳ ಮಡಿ, ಬಟ್ಟೆ ಒಣಗಿಸಿದ ಹಗ್ಗ, ಮೆಟ್ಟಿಲ ಮೇಲೆ ಮಲಗಿದ್ದ ಮೇಕೆ. ಮೇಕೆ ನಮಗಾಗಿ ಏಳಲಿಲ್ಲ. ನಾನು ಮನಸ್ಸಿನಲ್ಲೇ ಪೆರ್ಲಿತಾಳ ಮುಖ ನೆನೆದು ಶಿಲುಬೆಯ ಗುರುತು ಹಾಕಿಕೊಂಡೆ.

ಪರೀಕ್ಷೆ ಬರೆಯಲು ಒಂದು ಕೋಣೆಯನ್ನೂ ತುಂಬದಷ್ಟು ಮಕ್ಕಳು. ಹೆಚ್ಚಿನವರು ಸುತ್ತಲ ಬೆಟ್ಟಗಳವರು. ಆಮೇಲೆ ಒಬ್ಬೊಬ್ಬರನ್ನೇ ಸಂದರ್ಶನಕ್ಕೆ ಕರೆದರು. ನದೀಪಾತ್ರದ ವಿಷಯ ಕಲಿಸುವ ಸರ್ ವೆನಾನ್ಸಿಯೊ ಎಂಬವರು ಜಗುಲಿಯ ಬೆಂಚಿನ ಮೇಲೆ ಕೂತು ಕೇಳುತ್ತಿದ್ದರು. ಮೊಣಕಾಲವರೆಗೆ ಕೆಸರು, ಕೈಯಲ್ಲಿ ಆರಿದ ಕಾಫಿ. ಪಕ್ಕದ ಬೆಂಚಿನಲ್ಲಿದ್ದ ನನಗೆ ಎಲ್ಲ ಕೇಳುತ್ತಿತ್ತು.

"ಇಲ್ಲಿಗೇ ಯಾಕೆ ಬಂದೆ?"

"ಬೇರೆ ಕಡೆ ಸಿಗ್ಲಿಲ್ಲ, ಸರ್," ಎಂದಳು ಆರ್ಸೆಲಿ.

"ಅದು ಎಲ್ಲರೂ ಹೇಳೋ ಉತ್ತರ. ಮುಂದಿನ ಪ್ರಶ್ನೆ. ಯಾವೂರು?"

"ಮರೀಕಿನಾ."

ಅವರು ಕಾಫಿ ಲೋಟ ಕೆಳಗಿಟ್ಟರು. "ನದಿಗೆ ಹತ್ತಿರಾನಾ, ದೂರಾನಾ?"

"ಹತ್ತಿರ."

"ಆ ದೊಡ್ಡ ಪ್ರವಾಹದಲ್ಲಿ ನೀರು ಎಲ್ಲೀವರೆಗೆ ಬಂದಿತ್ತು ನಿಮ್ಮನೇಲಿ?"

"ಮಹಡಿವರೆಗೂ ಬಂತು. ನಾವು ಮಾಡಿನ ಮೇಲಿದ್ವಿ. ಅಜ್ಜಿನೂ ಇದ್ರು." ಅಷ್ಟಕ್ಕೇ ನಿಲ್ಲಿಸಿದಳು.

ಅಜ್ಜಿಯ ವಿಷಯ ನನಗೆ ಗೊತ್ತು. ನನ್ನ ಮಾಡಿನಿಂದ ಅವರ ಮಾಡು ಕಾಣುತ್ತಿತ್ತು. ಹಗಲಿಡೀ ಮಳೆಯಲ್ಲಿ ನೆನೆದ ಮುದುಕಿಗೆ ಎದೆ ಕಟ್ಟಿತು. ನೀರಿಳಿದು ಓಣಿಯ ಕೆಸರು ಬಾಚುವ ಮೊದಲೇ ಹೋದರು. ಆಗ ಆರ್ಸೆಲಿ ಎಂಟನೇ ತರಗತಿ.

ಸರ್ ವೆನಾನ್ಸಿಯೊ ಎದ್ದು ಜಗುಲಿಯ ತುದಿಗೆ ಹೋದರು. ಕೆಳಗೆ ಹಸಿರು ಕಣಿವೆ, ಅದರೊಳಗೆ ಎಲ್ಲೋ ನೀರಿನ ಸದ್ದು. "ಇದೇ ನೋಡು ನಿಮ್ಮ ನದಿಯ ಒಂದು ತಲೆ. ಇಲ್ಲಿ ಬಿದ್ದ ಮಳೆ ಅರ್ಧ ದಿನ ಆಗೋಷ್ಟರಲ್ಲಿ ನಿಮ್ಮ ಓಣೀಲಿರುತ್ತೆ. ಅವತ್ತು ನಮ್ಮ ಮಳೆಮಾಪಕ ತುಂಬಿ ಚೆಲ್ತಾ ಇತ್ತು. ಕೆಳಗೆ ತಿಳಿಸೋಕೆ ಫೋನ್ ಮಾಡಿದ್ವಿ, ಮಾಡಿದ್ವಿ. ಗಾಳಿಗೆ ಟವರ್ ಬಿದ್ದಿತ್ತು, ಲೈನ್ ಹೋಗ್ಲೇ ಇಲ್ಲ. ಒಬ್ಬ ಹುಡುಗ ನಡ್ಕೊಂಡೇ ಇಳಿದ. ದಾರಿ ಕುಸಿದು ಅವನೂ ಅರ್ಧದಲ್ಲೇ ನಿಂತ."

"ನಿಮಗೆ ಗೊತ್ತಿತ್ತಾ?" ಆರ್ಸೆಲಿಯ ದನಿ ಏರಿತು. "ನೀರು ಬರುತ್ತೆ ಅಂತ ಇಲ್ಲಿ ಕೂತ್ಕೊಂಡು ನಿಮಗೆಲ್ಲ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದು ಏನ್ ಪ್ರಯೋಜನ ಆಯ್ತು?"

ನಾನು ಎದ್ದು ಅವಳ ತೋಳು ಹಿಡಿದೆ. ಪ್ರವೇಶ ಕೇಳಲು ಬಂದ ಹುಡುಗಿ ಮೇಷ್ಟರ ಮೇಲೆ ಹೀಗೆ ಕೂಗುವುದೇ? ಸರ್ ವೆನಾನ್ಸಿಯೊ ಮಾತ್ರ ಸಿಟ್ಟಾಗಲಿಲ್ಲ.

"ಏನೂ ಆಗ್ಲಿಲ್ಲ," ಎಂದರು. "ಆಮೇಲೆ ರೇಡಿಯೊ ಹಾಕಿಸಿದೀವಿ. ಆದ್ರೆ ಬೆಟ್ಟದ ಆ ಕಡೆ ಬೋಳಾಗಿದೆ, ಅಲ್ಲಿ ನೀರು ಈಗ ಇನ್ನೂ ಬೇಗ ಇಳಿಯುತ್ತೆ. ಎಷ್ಟು ಬೇಗ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅಳೆಯೋಕೆ ಜನ ಸಾಲ್ದು. ಹೋಗು, ನಿನ್ನ ಸಂದರ್ಶನ ಮುಗೀತು. ಹೋಗೋಕ್ಮುಂಚೆ ಕಾಲು ನೋಡ್ಕೋ, ಜಿಗಣೆ ಹತ್ತಿದೆ."

ಅವಳು ಕಿರುಚಿಕೊಂಡಳು. ನಾನೂ ಕಿರುಚಿಕೊಂಡೆ. ನನಗೂ ಹತ್ತಿತ್ತು.

ಬಸ್ಸಿನಲ್ಲಿ ಕೂತಮೇಲೆ ಅವಳು ಸಿಡಿಮಿಡಿ ಮಾಡುತ್ತಲೇ ಇದ್ದಳು. "ಎಂಥಾ ದರಿದ್ರ ಜಾಗ, ನಿನಾಂಗ್! ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಸಾಯಲಿ." ಸ್ವಲ್ಪ ಹೊತ್ತಿನ ಮೇಲೆ, "ಗೊತ್ತಿತ್ತಂತೆ. ಗೊತ್ತಿತ್ತಂತೆ!" ಇನ್ನೂ ಸ್ವಲ್ಪ ಹೊತ್ತಿನ ಮೇಲೆ, "ಬೋಳಾದ ಕಡೆ ಎಷ್ಟು ಬೇಗ ಇಳಿಯುತ್ತೆ ಅಂತ ಅಳೆಯೋಕೆ ಎಷ್ಟು ಜನ ಬೇಕಾಗಬಹುದು?" ನಾನೇನು ಹೇಳಲಿ, ನಾನು ಶೂ ಹೊಲಿಯುವವಳು. ಆದರೆ ಫಲಿತಾಂಶದ ದಿನದಿಂದ ಅವಳು ಬ್ಯಾನರಿನ ಬಗ್ಗೆ ಬಿಟ್ಟು ಬೇರೆ ಏನನ್ನಾದರೂ ಕುರಿತು ಕಳವಳಪಟ್ಟದ್ದು ಅವತ್ತೇ ಮೊದಲು.

ಪಾಂತಿಗಾನ್‌ನಿಂದ ಸೀಟು ಸಿಕ್ಕಿದೆ ಎಂದು ಕರೆ ಬಂತು. ಅದೇ ವಾರ ಖಾಸಗಿ ವಿಶ್ವವಿದ್ಯಾಲಯದಿಂದಲೂ ಬಂತು. ಕಾಯುವ ಸಾಲು ಮುಂದೆ ಸರಿದಿದೆ, ಪ್ರವಾಸೋದ್ಯಮದ ವಿಭಾಗದಲ್ಲಿ ಒಂದು ಜಾಗ ಖಾಲಿಯಿದೆ, ಮೂರು ದಿನದಲ್ಲಿ ಹೇಳಿ ಎಂದು. ಪೆರ್ಲಿತಾ ಅಂದೇ ಚರ್ಚಿಗೆ ಹೋಗಿ ಮೇಣದ ಬತ್ತಿ ಹಚ್ಚಿದಳು. ನಾವು ಯಾತ್ರೆಗೆ ಹೋದದ್ದು ಎಲ್ಲಿಗೆ ಎಂಬುದು ಅವಳಿಗೆ ತಿಳಿದದ್ದು ಅವಳು ಮನೆಗೆ ಮರಳಿದ ಮೇಲೆ, ಆರ್ಸೆಲಿಯ ಬಾಯಿಂದಲೇ. ನಾನು ಅಲ್ಲೇ ಇದ್ದೆ; ತಪ್ಪಿಸಿಕೊಳ್ಳಲು ಆಗಲಿಲ್ಲ.

"ಪಾಂತಿಗಾನ್? ಎಲ್ಲಿದೆಯೇ ಅದು? ಯಾರಾದ್ರೂ ಕೇಳಿದಾರಾ ಆ ಹೆಸರು? ನೀನು ಕೇಳಿದ್ಯಾ, ಚೋಲೆಂಗ್?"

"ಈಗ ಕೇಳಿದೀನಿ," ಎಂದೆ.

"ನೀನು ಬಾಯ್ಮುಚ್ಚು. ಆರ್ಸೆಲಿ, ನಿನ್ನಪ್ಪ ಆ ಇಂಜಿನ್ ಮುಂದೆ ಬೇಯ್ತಾ ಇರೋದು ನೀನು ಬೆಟ್ಟದಲ್ಲಿ ಮರ ಎಣಿಸ್ಲಿ ಅಂತಲಾ? ದೊಡ್ಡ ಹೆಸರಿನ ಕಾಲೇಜು ಕೈ ಚಾಚಿ ಕರೀತಿದೆ!"

"ಅದು ಪ್ರವಾಸೋದ್ಯಮ, ಅಮ್ಮ. ನನಗೆ ಬಸ್ಸಲ್ಲಿ ಕೂತ್ರೇ ವಾಂತಿ ಬರುತ್ತೆ."

"ವಾಂತಿಗೆ ಮಾತ್ರೆ ಇದೆ! ಹೆಸರಿಗೆ ಮಾತ್ರೆ ಇಲ್ಲ. ನಾಳೆ ಎಲ್ಲಿ ಓದಿದ್ದು ಅಂತ ಕೇಳಿದ್ರೆ ಏನ್ ಹೇಳ್ತೀಯಾ?"

"ಈಗ ಏನ್ ಹೇಳ್ತಿದೀನಿ? ಈಗ್ಲೂ ಸುಳ್ಳೇ ಹೇಳ್ತಿದೀನಲ್ಲ. ನೀನು ಹೇಳಿಸ್ತಿದೀಯ!"

ಪೆರ್ಲಿತಾ ಕೈ ಎತ್ತಿದಳು. ಹೊಡೆಯಲಿಲ್ಲ. ಎತ್ತಿದ ಕೈಯಿಂದ ತನ್ನ ಕೂದಲು ಸರಿಮಾಡಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿಂದ ಪಾತ್ರೆ ಉಜ್ಜುವ ಸದ್ದು ಬಹಳ ಹೊತ್ತು ಬರುತ್ತಲೇ ಇತ್ತು.

ಮೂರನೆಯ ದಿನ ಭಾನುವಾರ. ಅಂದೇ ನಮ್ಮ ಓಣಿಗಳ ಬೇಸಿಗೆ ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಉದ್ಘಾಟನೆ. ಮಾಡು ಹಾಕಿದ ಅಂಗಳದ ಸುತ್ತ ಜನ ಕಿಕ್ಕಿರಿದಿದ್ದರು. ತಂಡಗಳು ಹೊಸ ಜೆರ್ಸಿ ತೊಟ್ಟು ಮೆರವಣಿಗೆ ಬಂದವು. ಕೌನ್ಸಿಲರ್ ನೊನೊಯ್ ಮೈಕ್ ಹಿಡಿದಿದ್ದ. ಆಟಗಾರರಿಗೆ ಪ್ರತಿಜ್ಞೆ ಬೋಧಿಸಲು ಅವನು ಆರ್ಸೆಲಿಯನ್ನೇ ಆರಿಸಿದ್ದ. ಸತ್ಯ ಗೊತ್ತಿದ್ದೂ ಆರಿಸಿದ್ದ. ಆ ಮನುಷ್ಯನ ಧೈರ್ಯಕ್ಕೆ ನಾನು ಇವತ್ತಿಗೂ ಬೆರಗಾಗುತ್ತೇನೆ.

"ನಮ್ಮ ಓಣಿಯ ರತ್ನ! ದೊಡ್ಡ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ! ಬಾ ಮಗಳೇ, ಬಾ!"

ಪೆರ್ಲಿತಾ ನನ್ನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಹೊಸ ಉಡುಪು ಹೊಲಿಸಿದ್ದಳು. ಆರ್ಸೆಲಿ ಮೆಟ್ಟಿಲು ಹತ್ತಿ ಮೈಕ್ ತೆಗೆದುಕೊಂಡಳು. ಮೈಕ್ ಕೀಂ ಎಂದಿತು.

"ನಾನು ಆರ್ಸೆಲಿ. ಬ್ಯಾನರಲ್ಲಿ ಇರೋಳು." ಜನ ನಕ್ಕರು. "ಅದರಲ್ಲಿ ಬರೆದಿರೋದು ನಿಜ ಅಲ್ಲ. ಆ ಪರೀಕ್ಷೇಲಿ ನಾನು ಪಾಸಾಗಿಲ್ಲ."

ನಗು ನಿಂತಿತು. ಎಲ್ಲೋ ಒಂದು ಚೆಂಡು ತಾನಾಗಿ ಪುಟಿಯುತ್ತಾ ಉರುಳಿಹೋಯಿತು.

"ಯಾರೂ ಸುಳ್ಳು ಹೇಳ್ಬೇಕು ಅಂತ ಹೇಳ್ಲಿಲ್ಲ. ಬ್ಯಾನರ್ ಮೊದಲೇ ಬಂದಿತ್ತು, ಸುದ್ದಿ ಆಮೇಲೆ ಬಂತು. ಇಳಿಸೋಕೆ ಯಾರಿಗೂ ಧೈರ್ಯ ಆಗ್ಲಿಲ್ಲ, ನನಗೂ ಆಗ್ಲಿಲ್ಲ. ಅಷ್ಟೇ. ಆಗಸ್ಟಲ್ಲಿ ನಾನು ಪಾಂತಿಗಾನ್ ಅರಣ್ಯ ಕಾಲೇಜಿಗೆ ಹೋಗ್ತಿದೀನಿ."

"ಅದೆಲ್ಲಿದೆ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಮ್ಮ ನದಿ ಹುಟ್ಟೋ ಕಡೆ."

ಬಾರ್ಬರ್ ಮಾಂಗ್ ಇಸ್ಕೊ ತಡೆಯಲಾರದೆ ಎದ್ದುನಿಂತ. "ಮರ ಹತ್ತೋಕೂ ಡಿಗ್ರಿ ಬೇಕೇನೇ?"

ಇಡೀ ಅಂಗಳ ಗೊಳ್ಳೆಂದಿತು. ಆರ್ಸೆಲಿಯ ಕಿವಿ ಕೆಂಪಾದದ್ದು ನನಗೆ ದೂರದಿಂದಲೂ ಕಂಡಿತು. ಇನ್ನು ಇಳಿದು ಓಡುತ್ತಾಳೆ ಎಂದುಕೊಂಡೆ.

"ಬೇಕು, ಮಾಂಗ್ ಇಸ್ಕೊ," ಎಂದಳು. "ಪ್ರವಾಹದಲ್ಲಿ ನೀವು ಮಾವಿನ ಮರ ಹತ್ತಿ, ನೀರಿಳಿದ ಮೇಲೂ ಇಳಿಯೋಕಾಗ್ದೆ ಕೂತಿದ್ರಲ್ಲ. ಡಿಗ್ರಿ ಇದ್ದಿದ್ರೆ ಇಳೀತಿದ್ರಿ."

ಈಗ ಎದ್ದ ನಗು ಮಾಡಿನ ತಗಡನ್ನು ನಡುಗಿಸಿತು. ಮಾಂಗ್ ಇಸ್ಕೊನ ಹೆಂಡತಿ ಅವನ ಬೆನ್ನಿಗೆ ಗುದ್ದಿ ಗುದ್ದಿ ನಕ್ಕಳು. ಆರ್ಸೆಲಿ ನಗಲಿಲ್ಲ. ಪ್ರತಿಜ್ಞೆ ಓದಿದಳು, ಆಟಗಾರರು ಕೈ ಎತ್ತಿ ಅದನ್ನೇ ಹೇಳಿದರು. ಮೈಕ್ ಮತ್ತೆ ಕೈಗೆ ಬಂದ ಕೂಡಲೇ ನೊನೊಯ್, "ಅರಣ್ಯ! ಪರಿಸರ! ಅದೂ ನಮ್ಮ ಹೆಮ್ಮೆಯೇ!" ಎಂದು ಕೂಗಿದ.

ನಾನು ಪಕ್ಕಕ್ಕೆ ತಿರುಗಿ ನೋಡಿದರೆ ಪೆರ್ಲಿತಾಳ ಕುರ್ಚಿ ಖಾಲಿಯಿತ್ತು.

ಆಮೇಲಿನ ವಾರಗಳು ಕೆಟ್ಟದಾಗಿದ್ದವು. ಬ್ಯಾನರ್ ಮರುದಿನವೇ ಇಳಿಯಿತು. ಪೆರ್ಲಿತಾ ಅನ್ನ ಬಡಿಸುವಳು, ಬಟ್ಟೆ ಒಗೆಯುವಳು, ಮಗಳೊಡನೆ ಮಾತಾಡಳು. ಬೇಕಾದ್ದನ್ನು ಗೋಡೆಗೆ ಹೇಳುವಳು. "ಯಾರಿಗೋ ಸಾಬೂನು ತರೋಕೆ ಹೇಳಿದ್ದೆ," ಎಂದು ಗೋಡೆಗೆ ಹೇಳಿದರೆ ಆರ್ಸೆಲಿ ಎದ್ದು ಅಂಗಡಿಗೆ ಹೋಗುವಳು. ಓಣಿಯವರು ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ವಾರ ಮಾತಾಡಿಕೊಂಡರು, ಆಮೇಲೆ ಪಂದ್ಯದಲ್ಲಿ ಯಾರೋ ರೆಫರಿಗೆ ಹೊಡೆದರು, ಮಾತು ಆ ಕಡೆ ಹೋಯಿತು. ಪೆರ್ಲಿತಾಗೆ ಮಾತ್ರ ಎಲ್ಲ ಕಣ್ಣುಗಳೂ ತನ್ನ ಮೇಲೇ ಇದ್ದ ಹಾಗೆ. ಮಾರುಕಟ್ಟೆಗೆ ಸುತ್ತು ಹಾಕಿ ಹಿಂದಿನ ದಾರಿಯಲ್ಲಿ ಹೋಗುತ್ತಿದ್ದಳು.

ರೊದಾಂತೆಗೆ ಆರ್ಸೆಲಿಯೇ ಫೋನಿನಲ್ಲಿ ಹೇಳಿದಳು. ಪರದೆಯಲ್ಲಿ ಅವನ ಮುಖ ಅಲ್ಲಾಡದೆ ನಿಂತಿತು. ಸಿಗ್ನಲ್ ಹೋಯಿತೇನೋ ಎಂದುಕೊಂಡೆವು. ಆಮೇಲೆ ಅವನು ಉಸಿರು ಬಿಟ್ಟ.

"ಕೇಕ್ ಕೊಡಿಸಿದ್ದೆ ಕಣೇ ಎಲ್ರಿಗೂ. ಕ್ಯಾಪ್ಟನ್ ಕೈ ಕುಲುಕಿದ್ದ."

"ಸಾರಿ, ಅಪ್ಪ."

"ಅಜ್ಜಿ ವಿಷಯಕ್ಕಾ ನೀನು ಅಲ್ಲಿಗೆ ಹೋಗ್ತಿರೋದು?"

"ಗೊತ್ತಿಲ್ಲ ಅಪ್ಪ. ಮೊದ್ಲು ಓಡಿಹೋಗೋಕೆ ಅಂತ ಹೋದೆ. ಈಗ ಬೇರೆ ಏನೋ ಅನ್ಸುತ್ತೆ. ಇಲ್ಲಿ ಕೂತ್ರೆ ಕಾಲು ನಿಲ್ಲಲ್ಲ."

"ನಮ್ಮಮ್ಮನ ಮಣ್ಣಿಗೆ ನಾನು ಬರೋಕಾಗ್ಲಿಲ್ಲ," ಎಂದ ರೊದಾಂತೆ. "ಹೋಗು. ನಿಮ್ಮಮ್ಮನ್ನ ನಾನು ನೋಡ್ಕೋತೀನಿ. ನೀರಿನ ನಡುವೆ ಇದ್ಕೊಂಡು ಹೆಂಗ್ ನೋಡ್ಕೋತೀನೋ ಗೊತ್ತಿಲ್ಲ."

ಆಗಸ್ಟಿನಲ್ಲಿ ಅವಳನ್ನು ಬಸ್ಸಿಗೆ ಹತ್ತಿಸಿದ್ದು ನಾನೇ. ಪೆರ್ಲಿತಾ ಬರಲಿಲ್ಲ. ಆದರೆ ಬೆಳಿಗ್ಗೆ ಎದ್ದು ನೋಡಿದರೆ ಚೀಲದ ಪಕ್ಕದಲ್ಲಿ ಒಣಮೀನು, ಅಕ್ಕಿ, ಹೊಸ ರಬ್ಬರ್ ಬೂಟು ಇಟ್ಟಿದ್ದಳಂತೆ. ಬೂಟು ಒಂದು ಅಳತೆ ದೊಡ್ಡದಾಗಿತ್ತು. ಶೂ ಹೊಲಿಯುವ ಊರಿನವಳು ಮಗಳ ಕಾಲಿನ ಅಳತೆ ತಪ್ಪಿದ್ದಳು ಎಂದರೆ ಅವಳ ಮನಸ್ಸು ಎಲ್ಲಿತ್ತೋ.

ಅಕ್ಟೋಬರಿನಲ್ಲಿ ಒಂದು ದಿನ ಪೆರ್ಲಿತಾ ನನ್ನ ಬಾಗಿಲಿಗೆ ಬಂದು, "ನಾಳೆ ಹೋಗೋಣ ನಡಿ," ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಮರುದಿನ ಬಸ್ಸಿನ ಹತ್ತಿರ ನೋಡಿದರೆ ಅವಳ ಜೊತೆ ಪಕ್ಕದ ಓಣಿಯ ಝೆನಾಯ್ದಾಳ ಮಗಳು ಕ್ರಿಸ್ಟೆಲ್ ಕೂಡ ಇದ್ದಳು. ಆ ಹುಡುಗಿಗೆ ಮುಂದಿನ ವರ್ಷ ಕಾಲೇಜು. ಅವಳ ತಾಯಿ, ಆ ಬೆಟ್ಟದ ಕಾಲೇಜನ್ನು ಒಮ್ಮೆ ತೋರಿಸಿಕೊಂಡು ಬಾ ಎಂದು ಪೆರ್ಲಿತಾಳನ್ನೇ ಕೇಳಿಕೊಂಡಿದ್ದಳಂತೆ. ಪೆರ್ಲಿತಾ ದಾರಿಯುದ್ದಕ್ಕೂ ಬಹಳ ಬಿಗಿಯಾಗಿ ಕೂತಿದ್ದಳು.

ಆರ್ಸೆಲಿ ಏರಿನ ತುದಿಯಲ್ಲಿ ನಿಂತಿದ್ದಳು. ಕಪ್ಪಾಗಿದ್ದಳು, ತೆಳ್ಳಗಾಗಿದ್ದಳು. ಮೊಣಕೈಯಲ್ಲಿ ಗೀರು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಪೆರ್ಲಿತಾ ಮೊದಲು ಆಡಿದ ಮಾತು, "ತಲೆಗೆ ಎಣ್ಣೆ ಹಾಕಲ್ವೇನೇ?" ಅಷ್ಟು ತಿಂಗಳಲ್ಲಿ ಅವಳು ಗೋಡೆಗೆ ಹೇಳದೆ ನೇರವಾಗಿ ಹೇಳಿದ ಮೊದಲ ಮಾತು ಅದು. ಆರ್ಸೆಲಿ ಅತ್ತುಬಿಟ್ಟಳು.

ಪೆರ್ಲಿತಾ ಎಲ್ಲವನ್ನೂ ನೋಡಿದಳು. ಹಾಸ್ಟೆಲ್, ಅಡುಗೆಮನೆ, ಚಿಲಕವಿಲ್ಲದ ಶೌಚಾಲಯ. ಚಿಲಕದ ವಿಷಯದಲ್ಲಿ ಸರ್ ವೆನಾನ್ಸಿಯೊ ಅವರನ್ನು ಜಗುಲಿಯಲ್ಲೇ ನಿಲ್ಲಿಸಿ ತರಾಟೆಗೆ ತೆಗೆದುಕೊಂಡಳು.

"ಡಿಗ್ರಿ ಆದ್ಮೇಲೆ ಕೆಲಸ ಸಿಗುತ್ತಾ, ಸರ್?"

"ಕೆಲವರಿಗೆ ಸಿಕ್ಕಿದೆ. ಕೆಲವರಿಗೆ ತಡವಾಗಿದೆ. ಸುಳ್ಳು ಹೇಳಲಾರೆ."

"ಒಂಚೂರು ಹೇಳಿದ್ರೂ ಪರವಾಗಿಲ್ಲ," ಎಂದಳು ಪೆರ್ಲಿತಾ.

ಮಧ್ಯಾಹ್ನ ಆರ್ಸೆಲಿ ನನ್ನನ್ನು ಒಬ್ಬಳನ್ನೇ ಕರೆದುಕೊಂಡು ಕಣಿವೆಯ ಅಂಚಿಗೆ ಹೋದಳು. ಅಲ್ಲೂ ಅವಳು ನಿಂತಲ್ಲಿ ನಿಲ್ಲಲಿಲ್ಲ. ಕಲ್ಲು ತುಳಿಯುತ್ತಾ, ಬಳ್ಳಿ ಎಳೆಯುತ್ತಾ ಮಾತಾಡಿದಳು.

"ನಂಗೆ ಇಷ್ಟ ಆಗಿದೆಯಾ ಅಂತ ಕೇಳ್ಬೇಡ, ನಿನಾಂಗ್. ಕೆಲವು ದಿನ ಗಂಟು ಮೂಟೆ ಕಟ್ತೀನಿ. ನಿಜವಾಗ್ಲೂ ಕಟ್ಟಿ, ಬಾಗಿಲವರೆಗೆ ಹೋಗಿ, ವಾಪಸ್ ಬಿಚ್ತೀನಿ. ದೊಡ್ಡ ಯೂನಿವರ್ಸಿಟಿಗೆ ಎರಡನೇ ವರ್ಷಕ್ಕೆ ಬದಲಾಯಿಸ್ಕೋಬಹುದಂತೆ."

"ಬದಲಾಯಿಸ್ಕೋತೀಯಾ?"

"ಗೊತ್ತಿಲ್ಲ. ಆ ಬೋಳು ಗುಡ್ಡದ ಲೆಕ್ಕ ನಾವು ನಾಲ್ಕು ಜನ ಶುರು ಮಾಡಿದೀವಿ. ಈ ಮಳೆಗಾಲ ಮುಗಿಯೋವರೆಗೆ ಇಲ್ಲಿಂದ ಕದಲಲ್ಲ. ಆಮೇಲೆ ನೋಡೋಣ." ಅಷ್ಟು ಹೇಳಿ ಯಾರೋ ಕೂಗಿದ್ದಕ್ಕೆ ಓಡಿಹೋದಳು.

ಸಂಜೆಗೆ ಮುಂಚೆ ನಾವು ಜೀಪು ಹತ್ತಿದೆವು. ಕ್ರಿಸ್ಟೆಲ್ ಇಡೀ ದಿನ ಕಾಲು ಮೇಲೆತ್ತಿಕೊಂಡೇ ಕೂತಿದ್ದಳು. ಈಗ ಕಾಲುಚೀಲದೊಳಗೆ ಇಣುಕಿ ನೋಡುತ್ತಾ ಹೇಳಿದಳು, "ಅಬ್ಬಾ, ಆಂಟಿ. ಜಿಗಣೆ, ಮೇಕೆ, ಕೆಸರು. ಇಲ್ಲಿ ಯಾರು ಓದ್ತಾರೆ? ನಾನಂತೂ ಕಾಲಿಡಲ್ಲ."

ಪೆರ್ಲಿತಾ ಅವಳ ಕಡೆ ಪೂರ್ತಿ ತಿರುಗಿದಳು.

"ನಿಂಗೆ ಇಲ್ಲಿ ಸೀಟು ಕೊಡ್ತಾರೆ ಅಂತ ಯಾರು ಹೇಳಿದ್ದು? ಪರೀಕ್ಷೆ ಇದೆ. ಸಂದರ್ಶನ ಇದೆ. ಸುಮ್ನೆ ಬಂದೋರನ್ನೆಲ್ಲ ಸೇರಿಸ್ಕೊಳ್ಳೋಕೆ ಇದೇನು ಸಂತೆನಾ?"

ಕ್ರಿಸ್ಟೆಲ್ ಕಾಲುಚೀಲ ಮೇಲೆಳೆದುಕೊಂಡಳು. ಜೀಪು ಕಲ್ಲುಗಳ ಮೇಲೆ ಎಗರಿತು. ಪೆರ್ಲಿತಾ ಎರಡೂ ಕೈಯಲ್ಲಿ ಕಂಬಿ ಹಿಡಿದು, ಕುತ್ತಿಗೆ ನೋಯುವಷ್ಟು ಹಿಂದಕ್ಕೆ ತಿರುಗಿ, ತಗಡಿನ ಮಾಡು ಮರಗಳ ಹಿಂದೆ ಮರೆಯಾಗುವವರೆಗೂ ನೋಡುತ್ತಲೇ ಇದ್ದಳು.